ಅಡುಗೆಮನೆಯಲ್ಲಿ ನಿಂತು ಹಾಡಿದ ಪಿ.ಬಿ. ಶ್ರೀನಿವಾಸ್: ಟು-ವೇ ಸ್ಪೀಕರ್‌ಗೆ ಕ್ರಾಸೋವರ್ ಮಾಡಿದ ಕಥೆ

ವಿಡಿಯೋದಲ್ಲಿ ಬೋರ್ಡ್ ಮೇಲೆ ಗಡಿಬಿಡಿಯಲ್ಲಿ ಗೀಚಿದ ಲೆಕ್ಕವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಪುಣೆಯ ನಮ್ಮ ಫ್ಲ್ಯಾಟ್‌ನಲ್ಲಿ ಎರಡು ತಿಂಗಳ ವೀಕೆಂಡ್‌ಗಳನ್ನೆಲ್ಲ ತಿಂದು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಯಾರಾಯ್ತು. ಆರೂವರೆ ಇಂಚಿನ ವೂಫರ್, ಒಂದಿಂಚಿನ ಟ್ವೀಟರ್, 18 ಎಂಎಂ ಪ್ಲೈವುಡ್ ಡಬ್ಬ. ಊರಿಂದ ಬಂದಿದ್ದ ಅಮ್ಮನನ್ನು ಸೋಫಾ ಮೇಲೆ ಕೂರಿಸಿ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದೆ. ಎರಡು ನಿಮಿಷ ಕೇಳಿ ಅಮ್ಮ ಹೇಳಿದ್ರು: "ಚೆನ್ನಾಗಿದೆ ಕಣೋ. ಆದ್ರೆ ಅವರು ಅಡುಗೆಮನೆಯಲ್ಲಿ ನಿಂತು ಹಾಡ್ತಿದ್ದಾರೆ. ಹಾಲ್‌ಗೆ ಬರೋಕೆ ಹೇಳು."

ಎಂಟೆಕ್ ಮಾಡಿದ ಮಗನಿಗೆ ಬೇಜಾರಾಯ್ತು. ಆದರೆ ಮೈಕ್ ಇಟ್ಟು ಅಳೆದಾಗ ಅಮ್ಮನೇ ಸರಿ. ಗಾಯಕರ ದನಿ ಸ್ಪಷ್ಟವಾಗೋ 2500 ಹರ್ಟ್ಜ್ ಸುತ್ತ 9 ಡೆಸಿಬೆಲ್ ಹಳ್ಳ ಬಿದ್ದಿತ್ತು. ಹಳ್ಳ ತೋಡಿದ್ದು ನಾನೇ, ಸೂತ್ರ ನಂಬಿ.

ಕ್ರಾಸೋವರ್ ಅಂದ್ರೆ ಕೆಳಗಿನ ಶಬ್ದವನ್ನು ವೂಫರ್‌ಗೂ ಮೇಲಿನದನ್ನು ಟ್ವೀಟರ್‌ಗೂ ಹಂಚೋ ಸರ್ಕ್ಯೂಟ್. ಎಲ್ಲಿ ಹಂಚಬೇಕು ಅನ್ನೋದನ್ನ ಡ್ರೈವರ್‌ಗಳೇ ಹೇಳುತ್ತವೆ. ಆರೂವರೆ ಇಂಚಿನ ವೂಫರ್‌ನಲ್ಲಿ ನಿಜವಾಗಿ ಅಲುಗಾಡೋ ಭಾಗದ ಅಗಲ ಸುಮಾರು 13 ಸೆಂಟಿಮೀಟರ್. 2600 ಹರ್ಟ್ಜ್‌ನಲ್ಲಿ ಶಬ್ದದ ಅಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಮೇಲೆ ಹೋದ್ರೆ ವೂಫರ್ ಟಾರ್ಚ್ ಥರ ನೇರ ಮುಂದಕ್ಕೆ ಮಾತ್ರ ಹಾಡುತ್ತೆ, ಪಕ್ಕದಲ್ಲಿ ಕೂತವರಿಗೆ ಮಂಕು. ತುಂಬಾ ಕೆಳಗೆ ಹೋದ್ರೆ ಪಾಪದ ಟ್ವೀಟರ್ ಕಿರುಚುತ್ತೆ. ಹಾಗಾಗಿ 2500.

ಇನ್ನು ಸೂತ್ರ. ಲಿಂಕ್‌ವಿಟ್ಜ್-ರೈಲಿ ಎರಡನೇ ಆರ್ಡರ್‌ಗೆ ಕಾಯಿಲ್ ಅಂದ್ರೆ ರೆಸಿಸ್ಟೆನ್ಸನ್ನು ಪೈ ಮತ್ತು ಫ್ರೀಕ್ವೆನ್ಸಿಯಿಂದ ಭಾಗಿಸಿದಷ್ಟು. 8 ಓಮ್‌ಗೆ 1.02 ಮಿಲಿಹೆನ್ರಿ ಬರುತ್ತೆ, ಕೆಪಾಸಿಟರ್ 4 ಮೈಕ್ರೋಫ್ಯಾರಡ್. ಟ್ವೀಟರ್‌ನ ಪ್ಲಸ್-ಮೈನಸ್ ಅದಲು ಬದಲು ಮಾಡಬೇಕು. ಇಷ್ಟೇ. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಸಿ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೋಗಿ ಸಾಮಾನು ತಂದೆ. (ಚೆನ್ನೈಯವರಿಗೆ ರಿಚೀ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದೆಯಲ್ಲ, ಹಾಗೆ.)

ತಮಾಷೆ ಏನಂದ್ರೆ, ಈ ವಿಷಯದ ಮೇಲೆ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಬರೆದ ಪ್ರಬಂಧ ಆಕ್ಟಿವ್ ಕ್ರಾಸೋವರ್ ಕುರಿತದ್ದು. ಅಲ್ಲಿ ಫಿಲ್ಟರ್ ಮೊದಲು, ಆಂಪ್ಲಿಫೈಯರ್ ಆಮೇಲೆ. ಡ್ರೈವರ್‌ನ ಗುಣ ಫಿಲ್ಟರ್‌ಗೆ ತಟ್ಟೋದೇ ಇಲ್ಲ. ನಾವು ಮಾಡೋ ಪ್ಯಾಸಿವ್ ಸರ್ಕ್ಯೂಟ್‌ನಲ್ಲಿ ಡ್ರೈವರ್ ಕೂಡ ಫಿಲ್ಟರ್‌ನ ಒಂದು ಭಾಗ. 8 ಓಮ್ ಅಂತ ಬೆನ್ನಿಗೆ ಅಂಟಿಸಿದ ಲೇಬಲ್ ಒಂದು ಅಂದಾಜು ಅಷ್ಟೇ. ನನ್ನ ವೂಫರ್‌ನ ತಂತಿಯ ರೆಸಿಸ್ಟೆನ್ಸ್ 6 ಓಮ್, ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್ 0.7 ಮಿಲಿಹೆನ್ರಿ. 2500 ಹರ್ಟ್ಜ್‌ನಲ್ಲಿ ಆ ಇಂಡಕ್ಟೆನ್ಸ್ ಒಂದೇ 11 ಓಮ್ ತಡೆ ಒಡ್ಡುತ್ತೆ. ಎರಡೂ ಸೇರಿ ಸುಮಾರು 12.5. 8 ಅಂತ ನಂಬಿದ ಫಿಲ್ಟರ್ ಕತ್ತರಿಸಬೇಕಾದ ಜಾಗದಲ್ಲಿ ಕತ್ತರಿಸಲೇ ಇಲ್ಲ.

ಇದಕ್ಕೆ ಮದ್ದು ಜೋಬೆಲ್ ಅನ್ನೋ ಪುಟ್ಟ ಜೋಡಿ: ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಎರಡನ್ನೂ ಸಾಲಾಗಿ ಸೇರಿಸಿ ವೂಫರ್‌ಗೆ ಅಡ್ಡಲಾಗಿ ಹಾಕೋದು. ತಂತಿಯ ರೆಸಿಸ್ಟೆನ್ಸ್‌ನ ಒಂದೂಕಾಲು ಪಟ್ಟು, ಅಂದ್ರೆ 7.5 ಓಮ್. ಇಂಡಕ್ಟೆನ್ಸನ್ನು ಅದರ ವರ್ಗದಿಂದ ಭಾಗಿಸಿದ್ರೆ ಕೆಪಾಸಿಟರ್ 12 ಮೈಕ್ರೋಫ್ಯಾರಡ್ ಆಸುಪಾಸು.

ಎರಡನೇ ತಪ್ಪು ಡಬ್ಬದ ಅಗಲದ್ದು. ಕೆಳಗಿನ ಸ್ವರಗಳ ಅಲೆ ಉದ್ದ, ಡಬ್ಬವನ್ನು ಬಳಸಿಕೊಂಡು ಹಿಂದಕ್ಕೂ ಹೋಗಿಬಿಡುತ್ತೆ. ಮೇಲಿನವು ಮುಂದಿನ ಹಲಗೆಗೆ ಬಡಿದು ನಮ್ಮ ಕಡೆಗೇ ಬರುತ್ತವೆ. 115ನ್ನು ಮೀಟರ್‌ನಲ್ಲಿ ಅಳೆದ ಅಗಲದಿಂದ ಭಾಗಿಸಿ: 20 ಸೆಂಟಿಮೀಟರ್ ಹಲಗೆಗೆ 575 ಹರ್ಟ್ಜ್. ಅಲ್ಲಿಂದ ಕೆಳಗೆ ಬಯಲಲ್ಲಾದ್ರೆ 6 ಡೆಸಿಬೆಲ್ ನಷ್ಟ. ಮನೆಯಲ್ಲಿ ಹಿಂದಿನ ಗೋಡೆ ಸ್ವಲ್ಪ ವಾಪಸ್ ಕೊಡುತ್ತೆ, ಅದಕ್ಕೆ ನಾನು 3 ಮಾತ್ರ ಸರಿದೂಗಿಸಿದೆ. ಹೇಗೆ? ಸೂತ್ರದ 1.02ರ ಬದಲು 1.8 ಮಿಲಿಹೆನ್ರಿ ಕಾಯಿಲ್ ಹಾಕಿ, ವೂಫರ್‌ನ ಮೇಲಿನ ಭಾಗವನ್ನು ಮೊದಲಿಂದಲೇ ತಗ್ಗಿಸಿ. 88 ಡೆಸಿಬೆಲ್ ವೂಫರ್ ಈಗ 85. ಟ್ವೀಟರ್ 91 ಇರೋದ್ರಿಂದ ಅದನ್ನೂ 6 ಇಳಿಸಬೇಕು: 4 ಓಮ್ ಸಾಲಲ್ಲಿ, 8 ಓಮ್ ಟ್ವೀಟರ್‌ಗೆ ಅಡ್ಡಲಾಗಿ. ಪಿ.ಬಿ.ಎಸ್. ದನಿಯ ಎದೆಭಾಗ ಮರಳಿ ಬಂದದ್ದು ಈ ಬದಲಾವಣೆಯಿಂದ.

ಹಳ್ಳಕ್ಕೆ ನೇರ ಕಾರಣ ಮಾತ್ರ ಮೂರನೆಯದು. ವೂಫರ್‌ನ ವಾಯ್ಸ್ ಕಾಯಿಲ್ ಟ್ವೀಟರ್‌ಗಿಂತ ಸುಮಾರು 25 ಮಿಲಿಮೀಟರ್ ಹಿಂದಿದೆ. 2500 ಹರ್ಟ್ಜ್‌ನ ಅಲೆ 137 ಮಿಲಿಮೀಟರ್. ಅಂದ್ರೆ ವೂಫರ್ 66 ಡಿಗ್ರಿ ತಡವಾಗಿ ಬರುತ್ತೆ. ಮೇಲಿನ ತಪ್ಪುಗಳೂ ಅದಕ್ಕೆ ಸೇರಿ ಎರಡು ಡ್ರೈವರ್‌ಗಳು ಒಂದನ್ನೊಂದು ಅಳಿಸ್ತಿದ್ವು. ಯೂನಿಟ್ ಟೆಸ್ಟ್ ಎಲ್ಲಾ ಹಸಿರು, ಇಂಟಿಗ್ರೇಷನ್ ಫೇಲ್. ನಮಗೆಲ್ಲ ಗೊತ್ತಿರೋದೇ.

ಹಾಗಾಗಿ ಅಳತೆ ಇಲ್ಲದೆ ಗತಿ ಇಲ್ಲ. ಒಂದು ಯುಎಸ್‌ಬಿ ಅಳತೆ ಮೈಕ್, ಆರ್‌ಇಡಬ್ಲ್ಯೂ ಅನ್ನೋ ಉಚಿತ ತಂತ್ರಾಂಶ ಸಾಕು. ಸ್ಪೀಕರ್ ಮತ್ತು ಮೈಕ್ ಎರಡನ್ನೂ ನೆಲದಿಂದ 1.2 ಮೀಟರ್ ಎತ್ತರಕ್ಕೆ ಇಡಿ, ನಡುವೆ ಒಂದು ಮೀಟರ್. ನೆಲದಿಂದ ಪುಟಿದ ಶಬ್ದ 4.6 ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಅದಕ್ಕೆ ಮುಂಚೆ ಕತ್ತರಿಸಿದ್ರೆ ಸುಮಾರು 220 ಹರ್ಟ್ಜ್‌ನಿಂದ ಮೇಲಿನದು ಶುದ್ಧವಾಗಿ ಸಿಗುತ್ತೆ. ಮೂರು ಅಳತೆ ಬೇಕು, ಮೈಕ್ ಒಂಚೂರೂ ಅಲ್ಲಾಡಬಾರದು: ವೂಫರ್ ಮಾತ್ರ, ಟ್ವೀಟರ್ ಮಾತ್ರ, ಎರಡೂ ಒಟ್ಟಿಗೆ. ಯುಎಸ್‌ಬಿ ಮೈಕ್‌ನ ಟೈಮಿಂಗ್ ನಂಬೋ ಹಾಗಿಲ್ಲ. ಮೂರನೇ ಅಳತೆಗೆ ಹೊಂದಿಸಿ ನೋಡಿದ್ರೆ ನಿಜವಾದ ತಡ ಸಿಕ್ಕಿಬೀಳುತ್ತೆ. ಟ್ವೀಟರ್ ಅಳೆಯುವಾಗ 500 ಹರ್ಟ್ಜ್‌ಗಿಂತ ಕೆಳಗಿನ ಸ್ವೀಪ್ ಕೊಡಬೇಡಿ, ಸುಟ್ಟುಹೋದೀತು.

ಈ ಫೈಲ್‌ಗಳ ಜೊತೆಗೆ ಇಂಪೀಡೆನ್ಸ್ ಅಳತೆಯನ್ನೂ ವಿಟ್ಯೂಯಿಕ್ಸ್‌ಕ್ಯಾಡ್‌ಗೆ ಹಾಕಿ ಬೆಲೆಗಳನ್ನು ಎಳೆದಾಡಿದೆ. ಗುರಿ ಏನು ಅಂದ್ರೆ, ಸರ್ಕ್ಯೂಟ್‌ನ ಎರಡನೇ ಆರ್ಡರ್ ಮತ್ತು ಡ್ರೈವರ್‌ನ ಸ್ವಂತ ಇಳಿತ ಎರಡೂ ಸೇರಿ ಕಿವಿಗೆ ನಾಲ್ಕನೇ ಆರ್ಡರ್ ಆಗಬೇಕು. ಆಗ ಟ್ವೀಟರ್ ವೈರ್ ನೇರವಾಗೇ ಇರಬಹುದು. ನನ್ನ ಅಂಕಿಗಳನ್ನು ಮಾತ್ರ ಕಾಪಿ ಮಾಡಬೇಡಿ, ನಿಮ್ಮ ಡ್ರೈವರ್ ಬೇರೆ, ಡಬ್ಬ ಬೇರೆ.

ಸೋಲ್ಡರ್ ಹಿಡಿಯೋಕೆ ಮುಂಚೆ ಕ್ಲಿಪ್‌ನಲ್ಲೇ ಜೋಡಿಸಿ ಒಂದು ಪರೀಕ್ಷೆ ಮಾಡಿ. ಬೇಕಂತಲೇ ಟ್ವೀಟರ್ ವೈರ್ ಉಲ್ಟಾ ಮಾಡಿ ಅಳೆಯಿರಿ. ಫೇಸ್ ನಿಜವಾಗಿ ಕೂಡಿದ್ರೆ ಈಗ ಕ್ರಾಸೋವರ್ ಜಾಗದಲ್ಲಿ ಆಳವಾದ ಗುಂಡಿ ಬೀಳಬೇಕು. ನನಗೆ 25 ಡೆಸಿಬೆಲ್ ಬಿತ್ತು. ಎಂಜಿನಿಯರ್ ಆಗಿ ಗುಂಡಿ ನೋಡಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ವೈರ್ ಮತ್ತೆ ನೇರ ಮಾಡಿದೆ.

ಅಮ್ಮ ಹೊರಡೋಕೆ ಎರಡು ದಿನ ಇತ್ತು. ಅದೇ ಹಾಡು ಹಾಕಿದೆ. ಪೂರ್ತಿ ಕೇಳಿದ್ರು, ಅಡುಗೆಮನೆ ವಿಷಯ ಎತ್ತಲಿಲ್ಲ. "ಎಡಗಡೆಯದು ಯಾಕೋ ಕರಕರ ಅಂತಿದೆ" ಅಂದ್ರು. ನಿಜ, ಎಡಗಡೆಯ ಸರ್ಕ್ಯೂಟ್ ಇನ್ನೂ ಕ್ಲಿಪ್‌ನಲ್ಲೇ ನೇತಾಡ್ತಿತ್ತು. ಅವತ್ತು ರಾತ್ರಿಯೇ ಸೋಲ್ಡರ್ ಮಾಡಿದೆ.