ಹೊಟ್ಟೆಯ ಆಮ್ಲಕ್ಕೂ ಬಗ್ಗದ ಬ್ಯಾಕ್ಟೀರಿಯಾ

ಜಠರದ ಆಮ್ಲ ಅಷ್ಟು ತೀಕ್ಷ್ಣವಾಗಿದ್ದರೂ ಇ. ಕೊಲೈ ಬ್ಯಾಕ್ಟೀರಿಯಾ ಸಾಯದೆ ಕರುಳು ಸೇರುವುದು ಹೇಗೆ?

ಜಠರದ ಪಿಎಚ್ ಸುಮಾರು 2. ಅಲ್ಲಿ ಪ್ರೋಟಾನುಗಳು ಬ್ಯಾಕ್ಟೀರಿಯಾದ ಒಳಕ್ಕೆ ನುಗ್ಗುತ್ತಲೇ ಇರುತ್ತವೆ. ತೂತುಬಿದ್ದ ದೋಣಿಯಿಂದ ಅಂಬಿಗ ನೀರು ಮೊಗೆದು ಚೆಲ್ಲುವಂತೆ ಅದೂ ಅವನ್ನು ಹೊರಹಾಕಬೇಕು. ಮೊಗೆಯುವ ಕೆಲಸ ಗ್ಲುಟಮೇಟ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ್ದು. ಗ್ಲುಟಮೇಟ್‌ನ ಒಂದು ಕಾರ್ಬಾಕ್ಸಿಲ್ ಗುಂಪನ್ನು ಇದು ಕಾರ್ಬನ್ ಡೈಆಕ್ಸೈಡ್ ಆಗಿ ಕಳಚುತ್ತದೆ. ತೆರವಾದ ಜಾಗಕ್ಕೆ ಪ್ರೋಟಾನೊಂದು ಬಂದು ಕೂರುತ್ತದೆ. ಹೀಗೆ ಹುಟ್ಟುವುದು ಗಾಬಾ, ನಮ್ಮ ಮಿದುಳಿನಲ್ಲಿರುವ ಅದೇ ಗಾಬಾ! ಅದು ಪ್ರೋಟಾನನ್ನು ಹೊತ್ತು ಹೊರಹೋಗುತ್ತದೆ, ಬದಲಿಗೆ ಹೊಸ ಗ್ಲುಟಮೇಟ್ ಒಳಬರುತ್ತದೆ.

ನಿಜವಾದ ಸ್ವಾರಸ್ಯ ಕಿಣ್ವದ ರಚನೆಯಲ್ಲಿದೆ. ಒಂದೇ ಬಗೆಯ ಆರು ಪ್ರೋಟೀನ್ ಘಟಕಗಳು ಸೇರಿ ಆದದ್ದು ಇದು. ಪ್ರತಿಯೊಂದರಲ್ಲೂ ಬಿ6 ಜೀವಸತ್ವದಿಂದ ಬಂದ ಸಹಾಯಕ ಅಣುವಿದೆ. ಹುಳಿಯಿಲ್ಲದಾಗ ಪ್ರೋಟೀನ್ ಸರಪಳಿಯ ಬಾಲತುದಿಯೇ ಕ್ರಿಯಾಸ್ಥಾನಕ್ಕೆ ಮಡಚಿಕೊಂಡು ದಾರಿ ಮುಚ್ಚಿರುತ್ತದೆ. ಕೋಶದೊಳಗೆ ಹುಳಿ ಏರಿತೋ, ಪ್ರೋಟಾನುಗಳು ಕಿಣ್ವಕ್ಕೇ ಅಂಟುತ್ತವೆ. ಅದನ್ನು ಎಚ್ಚರಿಸುವುದು ಅದು ನಿವಾರಿಸಬೇಕಾದ ಪ್ರೋಟಾನೇ! ಬಾಲ ಸರಿಯುತ್ತದೆ, ಸರಪಳಿಗಳ ಇನ್ನೊಂದು ಬದಿಯ ತುದಿಗಳು ಸುರುಳಿಯಾಗಿ ಮೂರು ಮೂರರ ಕಂತೆ ಕಟ್ಟುತ್ತವೆ, ಇಡೀ ಕಿಣ್ವ ಕೋಶದ ಪೊರೆಯತ್ತ ಸರಿಯುತ್ತದೆ. ರಕ್ತಭೇದಿ ತರುವ ಇ. ಕೊಲೈ ಒ157 ತಳಿಗಳಲ್ಲೂ ಇದೇ ಏರ್ಪಾಡಿದೆ.