ಹಳೆಯ ಕಾರಿಗೆ ಹೊಸ ಸ್ಪ್ರಿಂಗ್: ಮನೆಯಲ್ಲಿ ಎಷ್ಟು ಕೆಲಸ, ಗ್ಯಾರೇಜಿನಲ್ಲಿ ಎಷ್ಟು?

ಗೌರಿಬಿದನೂರು: ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ಕಾರ್ಖಾನೆಯೂ ಬಾಗಿಲು ಹಾಕಿತು. ಆದರೆ ತಯಾರಿಕೆ ನಿಂತ ಮಾತ್ರಕ್ಕೆ ಗಾಡಿಗಳ ಓಟ ನಿಲ್ಲುವುದಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಊರುಗಳ ಮನೆಯಂಗಳಗಳಲ್ಲಿ ಹಳೆಯ ಕಾರುಗಳು ಇನ್ನೂ ಉಳಿದಿವೆ. ಹಬ್ಬಕ್ಕೆ ಕುಟುಂಬವನ್ನು ಹೊರುವ ಇದೇ ಗಾಡಿ, ಮರುದಿನ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡನ್ನೋ ಚಿಂತಾಮಣಿಗೆ ಟೊಮೆಟೊ ಕ್ರೇಟುಗಳನ್ನೋ ಹೊತ್ತು ಸಾಗುವುದೂ ಉಂಟು.

ಈ ಭಾರದ ಜೊತೆಗೆ ರಸ್ತೆಯ ಗುಂಡಿ, ಉಬ್ಬುಗಳು ಸೇರಿದಾಗ ಮೊದಲು ಸೋಲುವ ಭಾಗಗಳಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಒಂದು. ಅದನ್ನು ಮನೆಯಲ್ಲೇ ಬದಲಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಪಾನಾ ಹಿಡಿದು ಅಭ್ಯಾಸವಿರುವ ಮಾಲೀಕರನ್ನು ಕಾಡುತ್ತದೆ. ಕೆಲಸದ ಹೆಚ್ಚಿನ ಪಾಲನ್ನು ತಾಳ್ಮೆಯಿದ್ದವರು ಮನೆಯಲ್ಲೇ ಮಾಡಬಹುದು. ಆದರೆ ಅದರ ನಡುವೆ ಬರುವ ಒಂದೇ ಒಂದು ಹಂತ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಆ ಹಂತ ಯಾವುದೆಂದು ತಿಳಿಯದೆ ನಟ್ಟು ಸಡಿಲಿಸಲು ಕೈಹಾಕಬಾರದು.

ಸ್ಪ್ರಿಂಗ್ ಬೇರೆ, ಶಾಕ್ ಬೇರೆ

ಗಾಡಿ ಕುಲುಕಿದೊಡನೆ ‘ಶಾಕ್ ಹೋಗಿದೆ’ ಎನ್ನುವುದು ರೂಢಿ. ವಾಸ್ತವವಾಗಿ ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಪುಟಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಮತ್ತೆ ಮತ್ತೆ ತೂಗಾಡಿದರೆ ದೋಷ ಶಾಕ್ ಅಬ್ಸಾರ್ಬರಿನಲ್ಲಿರುವ ಸಾಧ್ಯತೆ ಹೆಚ್ಚು. ತೂಗಾಟವಿಲ್ಲದಿದ್ದರೂ ಗಾಡಿ ಒಂದು ಬದಿಗೆ ವಾಲಿ ನಿಂತಿದ್ದರೆ, ಸಣ್ಣ ಉಬ್ಬಿಗೂ ತಳ ತಾಗುತ್ತಿದ್ದರೆ ಸ್ಪ್ರಿಂಗನ್ನು ಅನುಮಾನಿಸಬೇಕು.

ಅನುಮಾನ ಪರಿಹರಿಸಿಕೊಳ್ಳಲು ಅಳತೆಯ ಟೇಪು ಸಾಕು. ಸಮತಟ್ಟಾದ ನೆಲದ ಮೇಲೆ, ಡಿಕ್ಕಿ ಖಾಲಿ ಮಾಡಿ ಗಾಡಿಯನ್ನು ನಿಲ್ಲಿಸಬೇಕು. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಎಡ ಬಲ ಎರಡೂ ಕಡೆ ಅಳೆಯಬೇಕು. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ತಗ್ಗಿದ ಬದಿಯ ಸ್ಪ್ರಿಂಗ್ ಸೊರಗಿದೆ ಅಥವಾ ತುಂಡಾಗಿದೆ ಎಂದರ್ಥ. ಸ್ಪ್ರಿಂಗಿನ ಕೆಳಸುತ್ತು ಕೂರುವ ಬಟ್ಟಲಿನಲ್ಲಿ ನೀರು, ಮಣ್ಣು ನಿಲ್ಲುವುದರಿಂದ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಹೀಗಾಗಿ ತುದಿಯ ಸುತ್ತು ಮುರಿದಿದ್ದರೂ ಮೇಲುನೋಟಕ್ಕೆ ಕಾಣದು.

ಕುಸಿದ ಸ್ಪ್ರಿಂಗ್ ಕೇವಲ ಅಂದದ ಪ್ರಶ್ನೆಯಲ್ಲ. ಹಿಂಬದಿ ಕುಸಿದಾಗ ಮುಂದಿನ ದೀಪಗಳು ಮೇಲ್ಮುಖವಾಗಿ ಎದುರಿನ ಚಾಲಕನ ಕಣ್ಣಿಗೆ ರಾಚುತ್ತವೆ. ಮುಂಬದಿ ಕುಸಿದರೆ ಚಕ್ರದ ಕೋನ ಬದಲಾಗಿ ಟೈರಿನ ಒಂದೇ ಅಂಚು ಸವೆಯುತ್ತದೆ. ಮುರಿದ ತುದಿ ಜಾರಿದರೆ ಟೈರನ್ನೇ ಸೀಳಬಹುದು.

ಗಾಡಿಗೊಂದು ಬಗೆ

ಎಲ್ಲ ಹಳೆಯ ಕಾರುಗಳ ಸ್ಪ್ರಿಂಗ್ ಒಂದೇ ತೆರನಲ್ಲ. ಅಂಬಾಸಿಡರಿನ ಮುಂಬದಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ತಿರುಚುವಿಕೆಯಿಂದ ಭಾರ ಹೊರುವ ಉಕ್ಕಿನ ಸಲಾಕೆ, ಅಂದರೆ ಟಾರ್ಷನ್ ಬಾರ್ ಇದೆ. ಅದರ ಹಿಂಬದಿಯಲ್ಲೂ ಮಾರುತಿ ಆಮ್ನಿಯ ಹಿಂಬದಿಯಲ್ಲೂ ಇರುವುದು ಲಾರಿಗಳಲ್ಲಿರುವಂತಹ, ಲೀಫ್ ಸ್ಪ್ರಿಂಗ್ ಎಂದು ಕರೆಯುವ ಉಕ್ಕಿನ ಪಟ್ಟಿಗಳ ಕಟ್ಟು. ಮಾರುತಿ 800, ಆಮ್ನಿ, ಝೆನ್, ಆಲ್ಟೊ ಕಾರುಗಳ ಮುಂಬದಿಯಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಶಾಕ್ ಅಬ್ಸಾರ್ಬರ್ ಕಂಬದಂತೆ ನಿಂತು, ಅದರ ಸುತ್ತ ಸುರುಳಿ ಸ್ಪ್ರಿಂಗ್ ಕೂತಿರುತ್ತದೆ. ಜಾಗ ಕಡಿಮೆ ಸಾಕಾಗುವುದರಿಂದ ಸಣ್ಣ ಕಾರುಗಳಿಗೆ ಇದೇ ಒಗ್ಗಿತು. ಮೇಲೆ ಹೇಳಿದ ಅಪಾಯದ ಹಂತ ಇರುವುದೂ ಇದರಲ್ಲಿಯೇ.

ಅಪಾಯ ಅಡಗಿರುವುದೆಲ್ಲಿ?

ಕಾರನ್ನು ಜಾಕ್ ಮೇಲೆತ್ತಿ ಚಕ್ರ ಬಿಚ್ಚಿದರೂ ಸ್ಟ್ರಟ್‌ನೊಳಗಿನ ಸ್ಪ್ರಿಂಗ್ ಸಡಿಲಗೊಂಡಿರುವುದಿಲ್ಲ. ಮೇಲಿನ ಮತ್ತು ಕೆಳಗಿನ ಬಟ್ಟಲುಗಳ ನಡುವೆ ಅದು ಅದುಮಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಸ್ಟ್ರಟ್‌ನ ನೆತ್ತಿಯಲ್ಲಿರುವ ಒಂದೇ ಒಂದು ನಡುನಟ್ಟು.

ಎಷ್ಟು ಅದುಮಿದರೆ ಅಷ್ಟು ಎದುರುಬಲ ಎಂಬುದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. ಉದಾಹರಣೆಗೆ, ಒಂದು ಮಿ.ಮೀ. ಕುಗ್ಗಲು 2 ಕಿಲೋ ಭಾರ ಬೇಡುವ ಸ್ಪ್ರಿಂಗನ್ನು 150 ಮಿ.ಮೀ. ಕುಗ್ಗಿಸಿದರೆ ಅದು 300 ಕಿಲೋ ಬಲದಿಂದ ತಿರುಗಿ ಒತ್ತುತ್ತಿರುತ್ತದೆ. ಆಗ ಅದರಲ್ಲಿ ತುಂಬಿರುವ ಶಕ್ತಿ, ಸುಮಾರು 22 ಕಿಲೋ ತೂಕದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಾಗಿನ ಹೊಡೆತಕ್ಕೆ ಸಮ. ನಡುನಟ್ಟನ್ನು ಹಾಗೆಯೇ ಬಿಚ್ಚಿದರೆ ಈ ಶಕ್ತಿಯೆಲ್ಲ ಕಣ್ಣೆವೆ ಮುಚ್ಚುವುದರೊಳಗೆ ಹೊರಚಿಮ್ಮುತ್ತದೆ. ಬಗ್ಗಿ ನಿಂತವರ ಮುಖ, ಕೈಗಳೇ ಅದರ ದಾರಿಯಲ್ಲಿರುತ್ತವೆ.

ಸ್ಪ್ರಿಂಗನ್ನು ಅದುಮಿ ಹಿಡಿಯಲು ಕಂಪ್ರೆಸರ್ ಎಂಬ ಸಲಕರಣೆ ಇದೆ. ಅಂಗಡಿಗಳಲ್ಲಿ ದೊರೆಯುವ ಅಗ್ಗದ ಮಾದರಿ ಎಂದರೆ ಕೊಕ್ಕೆಗಳುಳ್ಳ ಎರಡು ತಿರುಪು ಸಲಾಕೆಗಳು. ಇವನ್ನು ಎದುರುಬದುರಾಗಿ ಕೂರಿಸಿ ಒಂದಿಷ್ಟೊಂದಿಷ್ಟೇ ಸಮನಾಗಿ ಬಿಗಿಯದಿದ್ದರೆ ಕೊಕ್ಕೆ ಸುರುಳಿಯ ಮೇಲೆ ಜಾರಬಹುದು. ಹಗ್ಗ, ಬೈಂಡಿಂಗ್ ತಂತಿ, ಸರಪಳಿಗಳಿಂದ ಕಟ್ಟಿ ಬಿಚ್ಚುವ ಪ್ರಯತ್ನವಂತೂ ಸರ್ವಥಾ ಸಲ್ಲದು.

ಕೆಲಸ ಹಂಚಿಕೊಳ್ಳುವ ಜಾಣತನ

ಇದಕ್ಕೊಂದು ಸುಲಭ ಪರಿಹಾರವಿದೆ. ಸ್ಟ್ರಟ್ಟನ್ನು ಇಡಿಯಾಗಿ ಮನೆಯಲ್ಲೇ ಕಳಚಿ, ಹೊಸ ಸ್ಪ್ರಿಂಗ್ ಸಮೇತ ಗ್ಯಾರೇಜಿಗೆ ಒಯ್ಯುವುದು. ಅಲ್ಲಿ ಗಟ್ಟಿಯಾದ ಕಂಪ್ರೆಸರ್‌ನಲ್ಲಿಟ್ಟು ಸ್ಪ್ರಿಂಗ್ ಬದಲಿಸಿ ಕೊಟ್ಟ ಮೇಲೆ ಮನೆಗೆ ತಂದು ಜೋಡಿಸುವುದು. ಕೂಲಿಯ ಹೆಚ್ಚಿನ ಭಾಗ ಉಳಿಯುತ್ತದೆ, ಅಪಾಯದ ಭಾಗ ಬಲ್ಲವರ ಕೈಯಲ್ಲಿರುತ್ತದೆ.

ಮನೆಯ ಕೆಲಸದ ಕ್ರಮ ಹೀಗಿದೆ. ಮೊದಲು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆಗಟ್ಟೆ ಕೊಡಬೇಕು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಬೇಕು. ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಗಾಡಿಯನ್ನು ಹೊರಲು ಉಕ್ಕಿನ ಸ್ಟ್ಯಾಂಡುಗಳೇ ಬೇಕು. ಇಟ್ಟಿಗೆ, ಸೈಜುಗಲ್ಲುಗಳನ್ನು ಪೇರಿಸಿ ಅದರಡಿ ನುಸುಳುವುದು ಸಾವನ್ನು ಕರೆದಂತೆ.

ಚಕ್ರ ತೆಗೆದ ಮೇಲೆ ಸ್ಟ್ರಟ್‌ಗೆ ಕ್ಲಿಪ್ಪಿನಿಂದ ಸಿಕ್ಕಿಸಿರುವ ಬ್ರೇಕ್ ಹೋಸ್ ಬಿಡಿಸಬೇಕು. ಸ್ಟ್ರಟ್‌ನ ಕೆಳತುದಿಯ ಬೋಲ್ಟುಗಳ ಸ್ಥಾನವನ್ನು ಬಿಳಿ ಬಣ್ಣದಿಂದ ಗುರುತಿಸಿ ಬಿಚ್ಚಬೇಕು. ಕಳಚಿದ ಚಕ್ರದ ಹಬ್ ಹೊರಕ್ಕೆ ವಾಲಿದರೆ ಬ್ರೇಕ್ ಹೋಸ್ ಎಳೆದುಕೊಳ್ಳುವುದಲ್ಲದೆ ಆಕ್ಸಲ್‌ನ ಕೀಲು ಜಾರಬಹುದು. ಆದ್ದರಿಂದ ಅದನ್ನು ತಂತಿಯಿಂದ ಕಟ್ಟಿಡಬೇಕು. ಕೊನೆಗೆ, ಒಬ್ಬರು ಕೆಳಗಿನಿಂದ ಸ್ಟ್ರಟ್ ಹಿಡಿದಿರುವಾಗ, ಬಾನೆಟ್ಟಿನೊಳಗೆ ಅದನ್ನು ಬಾಡಿಗೆ ಬಿಗಿದಿರುವ ಸುತ್ತಲಿನ ನಟ್ಟುಗಳನ್ನಷ್ಟೇ ತೆಗೆಯಬೇಕು. ನಡುನಟ್ಟನ್ನು ಮುಟ್ಟಲೇಬಾರದು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರೆ ಅರ್ಧ ಶ್ರಮ ಉಳಿಯುತ್ತದೆ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆಯಾಗಿ ಕೂತಿರುವ ಹಿಂಬದಿಯ ವಿನ್ಯಾಸಗಳಲ್ಲಿ ಕೆಲಸ ಇದಕ್ಕಿಂತ ಸುಲಭ. ಬಾಡಿಯನ್ನು ಸ್ಟ್ಯಾಂಡಿನ ಮೇಲಿರಿಸಿ, ಆಕ್ಸಲ್‌ಗೆ ಜಾಕ್ ಆಸರೆ ಕೊಟ್ಟು, ಶಾಕ್‌ನ ಕೆಳಬೋಲ್ಟು ಬಿಚ್ಚಬೇಕು. ಬ್ರೇಕ್ ಹೋಸ್ ಬಿಗಿಯಾಗದಂತೆ ನೋಡಿಕೊಳ್ಳುತ್ತ ಜಾಕನ್ನು ನಿಧಾನವಾಗಿ ಇಳಿಸಿದಂತೆ ಸ್ಪ್ರಿಂಗ್ ತನ್ನ ಒತ್ತಡ ಕಳೆದುಕೊಂಡು ಸಡಿಲಗೊಳ್ಳುತ್ತದೆ.

ಕೊಳ್ಳುವಾಗ ಎಚ್ಚರ

ಸ್ಪ್ರಿಂಗುಗಳನ್ನು ಒಂದೇ ಆಕ್ಸಲ್‌ನ ಎರಡೂ ಬದಿಗೆ ಜೋಡಿಯಾಗಿ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಇದ್ದರೆ ಗಾಡಿಯ ವಾಲುವಿಕೆ ತಪ್ಪದು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ಹೋಗುವಾಗ ಗಾಡಿಯ ಮಾದರಿ, ತಯಾರಿಕೆಯ ವರ್ಷ, ಇಂಧನದ ಬಗೆ ಬರೆದುಕೊಂಡಿರಬೇಕು. ಡೀಸೆಲ್ ಎಂಜಿನ್ ಭಾರವಾದ್ದರಿಂದ ಒಂದೇ ಹೆಸರಿನ ಕಾರಿಗೂ ಬೇರೆ ಸ್ಪ್ರಿಂಗ್ ಇರುವುದುಂಟು. ಗುಜರಿಯ ಸ್ಪ್ರಿಂಗ್ ಎಷ್ಟು ದುಡಿದು ದಣಿದಿದೆ ಎಂಬುದು ನೋಟಕ್ಕೆ ತಿಳಿಯದು.

ಅಡ್ಡದಾರಿಗಳೂ ಚಾಲ್ತಿಯಲ್ಲಿವೆ. ಸುರುಳಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿದರೆ ಗಾಡಿ ಎತ್ತರವಾದಂತೆ ಕಂಡರೂ, ಕುಗ್ಗಬೇಕಾದ ಸುತ್ತೊಂದು ಕಟ್ಟಿಹಾಕಿದಂತಾಗಿ ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಗಾಡಿ ತಗ್ಗಾಗಿ ಕಾಣಲೆಂದು ಸ್ಪ್ರಿಂಗ್ ಕತ್ತರಿಸುವುದು, ಗ್ಯಾಸ್ ಜ್ವಾಲೆಯಿಂದ ಕಾಯಿಸುವುದು ಇನ್ನೂ ಕೆಟ್ಟದ್ದು. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿರುವುದನ್ನೂ ಮರೆಯಬಾರದು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅದು ಮುಗಿದು ನವೀಕರಣಕ್ಕೆ ಹೋದಾಗ ಗಾಡಿ ತಪಾಸಣೆಗೆ ಒಳಪಡಲೇಬೇಕು.

ಜೋಡಿಸಿದ ಮೇಲೆ

ಸ್ಪ್ರಿಂಗಿನ ತುದಿ ಬಟ್ಟಲಿನಲ್ಲಿರುವ ತಡೆಗೆ ಸರಿಯಾಗಿ ಕೂತಿದೆಯೇ ಎಂದು ಗ್ಯಾರೇಜಿನಲ್ಲೇ ನೋಡಿಕೊಳ್ಳಬೇಕು. ಮನೆಯಲ್ಲಿ ಜೋಡಿಸುವಾಗ ಬಿಳಿ ಗುರುತುಗಳು ಹೊಂದುವಂತೆ ಬೋಲ್ಟು ಕೂರಿಸಿ, ಬ್ರೇಕ್ ಹೋಸ್ ತಿರುಚದಂತೆ ಕ್ಲಿಪ್ ಹಾಕಬೇಕು. ರಬ್ಬರ್ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತವನ್ನು ಗಾಡಿ ನೆಲಕ್ಕಿಳಿದು ಚಕ್ರಗಳ ಮೇಲೆ ಭಾರ ಬಿದ್ದ ನಂತರವೇ ಕೊಡಬೇಕು. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ಬ್ರೇಕ್ ಪರೀಕ್ಷಿಸಿ, ನಟ್ಟುಗಳನ್ನು ಮತ್ತೊಮ್ಮೆ ನೋಡಬೇಕು. ಸ್ಟ್ರಟ್ ಬಿಚ್ಚಿದ ಗಾಡಿಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಮನೆಯ ಮುಂದೆ ತಾವೇ ದುರಸ್ತಿ ಮಾಡಿಕೊಂಡು ನಾಲ್ಕು ಕಾಸು ಉಳಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಸ್ಟ್ರಟ್‌ನ ನಡುನಟ್ಟು ಬಿಚ್ಚುವ ಕೆಲಸಕ್ಕೆ ಗ್ಯಾರೇಜಿನವರು ಕೇಳುವ ಕೂಲಿಯನ್ನು ಮಾತ್ರ ಉಳಿಸಲು ಹೋಗದಿರುವುದು ಲೇಸು.