ಚಿಪ್ಪರ್ ಕೊಳ್ಳುವ ಮುನ್ನ ಗಂಟೆ ಎಣಿಸಿ

ಏಳೂವರೆ ಮೀಟರ್ ಅಂತರದಲ್ಲಿ ತೆಂಗು ನೆಟ್ಟರೆ ಎಕರೆಗೆ ಸುಮಾರು 70 ಮರ ಕೂರುತ್ತವೆ. ಆರೈಕೆಯಲ್ಲಿರುವ ಮರವೊಂದು ವರ್ಷಕ್ಕೆ ಹನ್ನೆರಡರಷ್ಟು ಗರಿ ಉದುರಿಸುತ್ತದೆ. ಅಲ್ಲಿಗೆ ಎಕರೆಗೆ 840 ಗರಿ, ಒಂದೊಂದೂ ಐದಾರು ಮೀಟರ್ ಉದ್ದ. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಇವು ಬದುವಿನ ಮೇಲೆ ರಾಶಿ ಬೀಳುತ್ತವೆ. ಸೌದೆ ಒಲೆ ಇದ್ದ ಮನೆಗಳಿಗೆ ಮಟ್ಟೆ ಬೇಕಿತ್ತು. ಗ್ಯಾಸ್ ಬಂದ ಮೇಲೆ ಬೇಸಿಗೆಯಲ್ಲಿ ರಾಶಿಗೆ ಬೆಂಕಿ ಬೀಳುವುದೇ ಹೆಚ್ಚು. ಬೂದಿಯಲ್ಲಿ ಪೊಟ್ಯಾಶ್ ಉಳಿಯುತ್ತದೆ ನಿಜ, ಆದರೆ ಸಾರಜನಕ ಮತ್ತು ಗಂಧಕದ ಬಹುಪಾಲು ಹೊಗೆಯಲ್ಲೇ ಹೋಗುತ್ತದೆ, ಮಣ್ಣಿಗೆ ಸೇರಬೇಕಿದ್ದ ಇಂಗಾಲವೂ ಹಾಗೆಯೇ. ದುಡ್ಡು ಕೊಟ್ಟು ಗೊಬ್ಬರ ತರುವ ತೋಟದಲ್ಲೇ ಇಂಥ ಬೆಂಕಿ ಕಂಡಾಗ ನನಗೆ ಸಂಕಟವಾಗುತ್ತದೆ.

ಹಾಗಾಗಿಯೇ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರು ಈಗ ಗರಿ, ಕೊಂಬೆ ಚೂರು ಮಾಡುವ ಚಿಪ್ಪರ್, ಶ್ರೆಡ್ಡರ್ ವಿಚಾರಿಸತೊಡಗಿದ್ದಾರೆ. ಅಡಿಕೆಯವರಿಗೂ ಇದೇ ಯೋಚನೆ. 2.7 ಮೀಟರ್ ಅಂತರದ ಅಡಿಕೆ ಸಾಲಿನೊಳಗೆ ನುಗ್ಗುವುದು ಸಣ್ಣ ಟ್ರ್ಯಾಕ್ಟರ್ ಮಾತ್ರ. ಶಿರಸಿ ಕಡೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ಹೊತ್ತು ತರುವ ಆಳುಗಳೂ ಸಿಗುತ್ತಿಲ್ಲ. ಬಿದ್ದ ಸೋಗೆಯನ್ನೇ ಪುಡಿಮಾಡಿ ಬುಡಕ್ಕೆ ಹಾಕಿದರೆ ಬೆಟ್ಟದ ಮೇಲಿನ ಒತ್ತಡವೂ ಇಳಿಯುತ್ತದೆ. ಇಲ್ಲಿಯವರೆಗೆ ಎಲ್ಲರಿಗೂ ಒಪ್ಪಿಗೆ. ತೊಡಕಿರುವುದು ಯಾವ ಯಂತ್ರ, ಕೊಳ್ಳಬೇಕೋ ಬಾಡಿಗೆಗೆ ತರಬೇಕೋ ಎಂಬಲ್ಲಿ.

ಮೊದಲು ಯಂತ್ರ. ಟ್ರ್ಯಾಕ್ಟರಿನ ಬಾನೆಟ್ ಮೇಲೆ 24 ಎಚ್‌ಪಿ ಎಂದು ಬರೆದಿದ್ದರೂ ಯಂತ್ರಗಳನ್ನು ತಿರುಗಿಸುವ ಹಿಂದಿನ ಪಿಟಿಓ ಶಾಫ್ಟ್‌ಗೆ ಬಂದು ತಲುಪುವುದು ಹೆಚ್ಚುಕಡಿಮೆ 20. ಚಿಪ್ಪರ್‌ಗೆ ಲೆಕ್ಕಕ್ಕೆ ಬರುವುದು ಈ ಇಪ್ಪತ್ತೇ. ಎರಡನೆಯ ಮಾತು ಕೊಂಬೆಯ ದಪ್ಪದ್ದು. 5 ಸೆಂಟಿಮೀಟರ್ ಕೊಂಬೆಗಿಂತ 10 ಸೆಂಟಿಮೀಟರ್ ಕೊಂಬೆ ಎರಡು ಪಟ್ಟು ದಪ್ಪ, ಆದರೆ ಬ್ಲೇಡು ಸೀಳಬೇಕಾದ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟು. ಕರಪತ್ರದಲ್ಲಿ ಅಚ್ಚಾದ ಗರಿಷ್ಠ ದಪ್ಪವನ್ನು ಯಂತ್ರ ಒಮ್ಮೆ ನುಂಗಬಹುದು. ದಿನವಿಡೀ ನುಂಗಲು ಅದರ ಅರ್ಧವನ್ನಷ್ಟೇ ನಂಬುವುದು ಕ್ಷೇಮ.

ಇಪ್ಪತ್ತೇ ಕುದುರೆಯ ಬಲದಲ್ಲಿ ತೋಳು ದಪ್ಪದ ಗ್ಲಿರಿಸಿಡಿಯಾ ಕೊಂಬೆ ಕ್ಷಣದಲ್ಲಿ ಚೂರಾಗುವುದು ಹೇಗೆ? ಉತ್ತರ ಭಾರದ ಚಕ್ರದಲ್ಲಿದೆ. ಡಿಸ್ಕ್ ಮಾದರಿಯ ಚಿಪ್ಪರ್‌ನಲ್ಲಿ ಬ್ಲೇಡುಗಳನ್ನು ಬಿಗಿದಿರುವುದು ದಪ್ಪ ಉಕ್ಕಿನ ತಟ್ಟೆಗೆ. ತಿರುಗುವ ತಟ್ಟೆಯೊಳಗೆ ಶಕ್ತಿ ಕೂಡಿಟ್ಟಂತಿರುತ್ತದೆ, ಮತ್ತು ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40 ಕೆಜಿ ತೂಕದ, 60 ಸೆಂಟಿಮೀಟರ್ ಅಗಲದ ತಟ್ಟೆಯನ್ನು ಪಿಟಿಓದ ನಿಮಿಷಕ್ಕೆ 540 ಸುತ್ತಿನಲ್ಲೇ ತಿರುಗಿಸಿದರೆ ಅದರಲ್ಲಿ ಸುಮಾರು 2,900 ಜೂಲ್ ಇರುತ್ತದೆ. ಬೆಲ್ಟು ಪುಲ್ಲಿ ಹಾಕಿ ನಿಮಿಷಕ್ಕೆ 1,000 ಸುತ್ತಿಗೆ ಏರಿಸಿದರೆ 10,000 ಜೂಲ್ ಹತ್ತಿರ! ಕಡಿಯುವ ಹೊತ್ತಿಗೆ ತಟ್ಟೆ ತನ್ನ ಗಂಟಿನಿಂದ ಕೊಡುತ್ತದೆ, ಎರಡು ಕೊಂಬೆಗಳ ನಡುವಿನ ಬಿಡುವಿನಲ್ಲಿ ಎಂಜಿನ್ ಅದನ್ನು ತುಂಬಿಕೊಡುತ್ತದೆ. ಸಣ್ಣ ಟ್ರ್ಯಾಕ್ಟರ್ ಇರುವವರು ಎಚ್‌ಪಿಗಿಂತ ಮೊದಲು ತಟ್ಟೆಯ ತೂಕವನ್ನೂ ಸುತ್ತನ್ನೂ ಕೇಳಬೇಕೆನ್ನುವುದು ಇದಕ್ಕೇ. ಸುತ್ತು ಇಳಿದ ಸದ್ದು ಕೇಳಿದರೆ ಮುಂದಿನ ಕೊಂಬೆಗೆ ಕಾಯಬೇಕು.

ಆದರೆ ತೆಂಗಿನ ಗರಿ ಕೊಂಬೆಯಲ್ಲ. ಹಲಸು, ಸಿಲ್ವರ್ ಓಕ್‌ಗಳಲ್ಲಿ ಬ್ಲೇಡು ತಗುಲಿದರೆ ಗಟ್ಟಿ ಚೂರು ಸಿಡಿಯುತ್ತದೆ. ತೆಂಗು, ಅಡಿಕೆ ಏಕದಳ ಸಸ್ಯಗಳು. ಮಟ್ಟೆಯ ಮೆತ್ತನೆಯ ತಿರುಳಿನಲ್ಲಿ ಗಟ್ಟಿ ನಾರಿನ ಕಟ್ಟುಗಳು ಚೆದುರಿಕೊಂಡಿರುತ್ತವೆ. ಬ್ಲೇಡು ಮೊಂಡಾಗಿದ್ದರೆ, ಅಥವಾ ತಿರುಗುವ ಬ್ಲೇಡಿಗೂ ಎದುರಿನ ಸ್ಥಿರ ಪಟ್ಟಿಗೂ ನಡುವಿನ ಸಂದು ಹೆಚ್ಚಾಗಿದ್ದರೆ, ಈ ನಾರು ತುಂಡಾಗುವ ಬದಲು ಮಡಚಿಕೊಂಡು ಶಾಫ್ಟ್‌ಗೆ ಸುತ್ತುತ್ತದೆ. ತಾಳೆ ಜಾತಿಯ ಎಲೆಗಳಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳೂ ಇರುವುದರಿಂದ ಅಂಚು ಬೇಗ ಸವೆಯುತ್ತದೆ. ಕೆಸರಿನಲ್ಲಿ ಎಳೆದು ತಂದ ಗರಿ ಇನ್ನೂ ಬೇಗ ಸವೆಸುತ್ತದೆ. ಬರೀ ಸುತ್ತಿಗೆಗಳಿಂದ ಬಡಿಯುವ ಶ್ರೆಡ್ಡರ್ ಒಣ ಎಲೆಗೆ ಸಾಕು, ಹಸಿ ಮಟ್ಟೆಗೆ ಸಾಲದು. ಬ್ಲೇಡು, ಸುತ್ತಿಗೆ ಎರಡೂ ಇರುವ ಮಾದರಿ ನಮ್ಮ ತೋಟಗಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಯಿ ಅಗಲವಿದೆಯೇ ಎಂದೂ ನೋಡಿ. ಕಿರಿದಾಗಿದ್ದರೆ ಪ್ರತಿ ಗರಿಯನ್ನೂ ಕತ್ತಿಯಲ್ಲಿ ತುಂಡರಿಸಿ ಕೊಡಬೇಕು, ಉಳಿಸಹೊರಟ ಆಳಿನ ಕೂಲಿ ಅಲ್ಲೇ ಹೋಗುತ್ತದೆ. ಕೊಳ್ಳುವವರು ನಿಮ್ಮ ತೋಟದ್ದೇ ಗರಿ ಒಯ್ದು, ನಿಮ್ಮದೇ ಟ್ರ್ಯಾಕ್ಟರ್‌ಗೆ ಕಟ್ಟಿಸಿ, ಒಂದು ಗಂಟೆ ಓಡಿಸಿ ನೋಡಬೇಕು. ಅಂಗಡಿಯ ಮುಂದೆ ಕತ್ತರಿಸಿ ತೋರಿಸುವ ಎಳೆ ಕೊಂಬೆಯಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಹಣ. ವಿಧಾನ ತೋರಿಸಲಷ್ಟೇ ಕೆಲವು ಅಂಕಿ ಹಿಡಿಯುತ್ತೇನೆ, ನಿಮ್ಮೂರಿನ ದರವನ್ನು ನೀವು ಹಾಕಿಕೊಳ್ಳಿ. ಯಂತ್ರಕ್ಕೆ 2 ಲಕ್ಷ ರೂಪಾಯಿ, ಆಯುಸ್ಸು ಹತ್ತು ವರ್ಷ, ಕೊನೆಗೆ ಗುಜರಿಗೆ 20 ಸಾವಿರ ಎನ್ನೋಣ. ವರ್ಷದ ಸವಕಳಿ 18 ಸಾವಿರ. ಹೂಡಿದ ಹಣದ ಸರಾಸರಿಗೆ ಶೇ 10ರಂತೆ ಬಡ್ಡಿ 11 ಸಾವಿರ. ಬೇರಿಂಗ್, ಬೆಲ್ಟು, ಮಳೆಗಾಲದ ತುಕ್ಕು, ಮಾಡಿನ ಜಾಗಕ್ಕೆಂದು 6 ಸಾವಿರ. ಒಂದು ಗರಿಯನ್ನೂ ಕತ್ತರಿಸದಿದ್ದರೂ ವರ್ಷಕ್ಕೆ 35 ಸಾವಿರ ಖರ್ಚು. ಯಂತ್ರವೊಂದನ್ನೇ ಗಂಟೆಗೆ 600 ರೂಪಾಯಿಗೆ ಬಾಡಿಗೆಗೆ ತಂದರೆ? ಡೀಸೆಲ್, ಆಳು ಎರಡು ದಾರಿಯಲ್ಲೂ ಒಂದೇ. ಸ್ವಂತ ಯಂತ್ರಕ್ಕೆ ಬ್ಲೇಡು ಮಸೆಯಲು ಗಂಟೆಗೆ 50 ಕಳೆದರೆ, ಕೊಂಡವರಿಗೆ ಗಂಟೆಗೆ ಉಳಿಯುವುದು 550. 35 ಸಾವಿರವನ್ನು 550ರಿಂದ ಭಾಗಿಸಿದರೆ 64 ಗಂಟೆ.

ಗರಿ ಎತ್ತಿ ಕೊಟ್ಟು ಯಂತ್ರದೊಳಗೆ ಹೋಗಲು ಅರ್ಧ ನಿಮಿಷ ಹಿಡಿದರೆ ಗಂಟೆಗೆ 120 ಗರಿ, ಒಂದು ಎಕರೆಯ 840 ಗರಿಗೆ ಏಳು ಗಂಟೆ. ಹೀಗಾಗಿ 64 ಗಂಟೆ ದುಡಿಸಲು ಒಂಬತ್ತು ಎಕರೆ ತೆಂಗಿನ ತೋಟ ಬೇಕು. 2015–16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಮೂರೂವರೆ ಎಕರೆಗೂ ಕಡಿಮೆ. ಸಹಾಯಧನ ಸಿಕ್ಕಿ ಕೈಯಿಂದ ಹೋಗುವ ಹಣ ಅರ್ಧಕ್ಕಿಳಿದರೂ 37 ಗಂಟೆಯ ಕೆಲಸ, ಐದು ಎಕರೆಗೂ ಹೆಚ್ಚು ತೋಟ ಬೇಕಾಗುತ್ತದೆ. ಸಹಾಯಧನ ಇದೆಯೆಂಬ ಒಂದೇ ಕಾರಣಕ್ಕೆ ತಂದ ಯಂತ್ರ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವುದು ಇಂಥ ಕಡೆಯೇ.

ಬಾಡಿಗೆಯ ಪರವಾಗಿ ಇನ್ನೊಂದು ಮಾತಿದೆ. ಭತ್ತದ ಕೊಯ್ಲು ಕಾಯುವುದಿಲ್ಲ, ಊರಿಗೆಲ್ಲ ಒಂದೇ ವಾರ ಯಂತ್ರ ಬೇಕು. ಗರಿ ಕಾಯುತ್ತದೆ. 2014–15ರಲ್ಲಿ ಶುರುವಾದ, ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಯೋಜನೆಯ ಹೋಬಳಿ ಕೇಂದ್ರಗಳಲ್ಲೋ ಸಹಕಾರ ಸಂಘದಲ್ಲೋ ಚಿಪ್ಪರ್ ಇದ್ದರೆ, ಬೇಡಿಕೆ ಇಲ್ಲದ ದಿನ ನೋಡಿ ತರಬಹುದು. ಕಾಯಿಸುವುದಕ್ಕೂ ಮಿತಿಯಿದೆ. ತೇವಾಂಶ ಶೇ 25–30ಕ್ಕಿಂತ ಇಳಿದಂತೆ ಮರ ಗಟ್ಟಿಯಾಗುತ್ತ ಹೋಗುತ್ತದೆ. ಬೇಸಿಗೆಯ ಕೊನೆಯಲ್ಲಿ ಒಣಗಿ ಸೆಟೆದ ಮಟ್ಟೆ ಎಂಜಿನ್ನನ್ನೂ ಬ್ಲೇಡನ್ನೂ ದಣಿಸುತ್ತದೆ. ಮುಂಗಾರಿನ ಮೊದಲ ಮಳೆಗಳಲ್ಲಿ ನೆನೆದ ಮೇಲೆ ಅದೇ ಮಟ್ಟೆ ಸಲೀಸಾಗಿ ತುಂಡಾಗುತ್ತದೆ. ನಾಲ್ಕೈದು ತೋಟದವರು ಕೂಡಿ ಕೊಂಡರೆ 64 ಗಂಟೆ ತುಂಬುವುದು ಸುಲಭ, ಬ್ಲೇಡು ಮಸೆಯುವ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ.

ಬಾಡಿಗೆ ಯಂತ್ರದ ಬ್ಲೇಡು ಮಸೆದಿದೆಯೇ, ಪಿಟಿಓ ಶಾಫ್ಟಿನ ಪ್ಲಾಸ್ಟಿಕ್ ಕವಚ ಇದೆಯೇ ಎಂದು ನೋಡದೆ ಮುಂಗಡ ಕೊಡಬಾರದು. ಕವಚದ ವಿಷಯದಲ್ಲಿ ರಾಜಿ ಬೇಡವೇ ಬೇಡ. 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಎಂಟು ಸೆಂಟಿಮೀಟರ್ ದಪ್ಪದ ಶಾಫ್ಟ್ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಲುಂಗಿಯ ಚುಂಗು, ಟವೆಲ್, ಸೆರಗು ಸಿಕ್ಕಿದರೆ ಕ್ಲಚ್ ಒತ್ತುವಷ್ಟು ಹೊತ್ತೂ ಇರುವುದಿಲ್ಲ. ಪಿಟಿಓ ಬಿಡಿಸಿದ ಮೇಲೂ ಆ ಭಾರದ ತಟ್ಟೆ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವ ತನಕ ಮುಚ್ಚಳ ತೆಗೆದು ಸಿಕ್ಕಿದ ನಾರಿಗೆ ಕೈ ಹಾಕಕೂಡದು.

ತೋಟದಿಂದ ತೋಟಕ್ಕೆ ಓಡಾಡುವ ಯಂತ್ರ ರೋಗವನ್ನೂ ಒಯ್ಯಬಲ್ಲದು, ಆದ್ದರಿಂದ ಒಳಗಿನ ಹಳೆಯ ಪುಡಿ ಕೊಡವಿ ತೊಳೆದ ಮೇಲೆಯೇ ಒಳಗೆ ಬಿಟ್ಟುಕೊಳ್ಳಿ. ಎಲೆಚುಕ್ಕಿ ರೋಗ ತೀವ್ರವಾಗಿ ತಗುಲಿದ ಅಡಿಕೆ ಸೋಗೆಯನ್ನು ಚಿಪ್ಪರ್‌ಗೆ ಹಾಕಲೇಬೇಡಿ. ಅದನ್ನು ತೆಗೆದು ಸುಡುವುದೇ ಸರಿ.

ಪುಡಿಯಾದ ಮೇಲೆ? ಎಂಟು ಸೆಂಟಿಮೀಟರಿನ ಒಂದು ಘನವನ್ನು ಒಂದೊಂದು ಸೆಂಟಿಮೀಟರಿನ ಚೂರು ಮಾಡಿದರೆ ಸೂಕ್ಷ್ಮಜೀವಿಗಳಿಗೆ ಸಿಗುವ ಮೇಲ್ಮೈ ಎಂಟು ಪಟ್ಟಾಗುತ್ತದೆ. ಕಳಿಯುವಿಕೆ ಬೇಗವಾಗುವುದು ಅದರಿಂದಲೇ. ಆದರೆ ಒಣ ಗರಿಯಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ಬಹಳ ಹೆಚ್ಚು. ಚೂರನ್ನು ಮಣ್ಣಿನೊಳಗೆ ಬೆರೆಸಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಲು ಮಣ್ಣಿನ ಸಾರಜನಕವನ್ನೇ ಹಿಡಿದುಕೊಳ್ಳುತ್ತವೆ, ಎಳೆಗಿಡ ಹಳದಿಯಾಗುತ್ತದೆ. ಬುಡದ ಸುತ್ತ ಮೇಲೆಯೇ ಹರಡಿದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ, ತೇವವೂ ನಿಲ್ಲುತ್ತದೆ. ಗೊಬ್ಬರವೇ ಬೇಕೆಂದರೆ ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತೋರಿಸಿದ ದಾರಿಯಿದೆ: ಹತ್ತರಲ್ಲೊಂದು ಪಾಲು ಸಗಣಿ ಸೇರಿಸಿ, ತೆಂಗಿನ ಎಲೆಯನ್ನು ತಿಂದು ಅರಗಿಸಬಲ್ಲ ಯೂಡ್ರಿಲಸ್ ಎರೆಹುಳು ಬಿಡುವುದು. ಎಲ್ಲಿಯೂ ಚೂರನ್ನು ಎತ್ತರಕ್ಕೆ ರಾಶಿ ಹಾಕಿ ತಿಂಗಳುಗಟ್ಟಲೆ ಮರೆಯಬೇಡಿ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡಲು ಹುಡುಕುವುದು ಇಂಥ ಕೊಳೆಯುವ ರಾಶಿಯನ್ನೇ. ರಾಶಿ ಹಾಕಲೇಬೇಕಾದರೆ ದುಂಬಿಯ ಮರಿಹುಳುಗಳನ್ನು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಬೆರೆಸಿ, ಆಗಾಗ ಮಗುಚಿ ಬಿಳಿ ಹುಳು ಕಂಡರೆ ಆರಿಸಿ ತೆಗೆಯಬೇಕು.